ಗದಿಗೆಪ್ಪ ಕಾಕಾನ ದೊಡ್ಡ ದನಿ

ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸ್ಟಾಫ್ ರೂಮಿನ ಮೇಜಿನ ಮೇಲಿದ್ದ ನನ್ನ ಫೋನು ಬೆನ್ನಡಿಯಾಗಿ ಬಿದ್ದ ಜೀರುಂಡೆಯ ಹಾಗೆ ಗಿರಗಿರ ತಿರುಗಿತು. ವೇಳೆ ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಕಾರಣ, ನಮ್ಮ ಹೈಸ್ಕೂಲಿನ ಕೊನೆಯ ಗಂಟೆ ಹೊಡೆಯುವುದೂ ನಾಲ್ಕೂ ಹತ್ತಕ್ಕೇ. ಆ ದಿನ ಗಂಟೆಯೂ ಫೋನೂ ಒಟ್ಟಿಗೆ ಬಾರಿಸಿದವು. ಗಂಟೆ ನಿಂತಿತು, ಫೋನು ನಿಲ್ಲಲಿಲ್ಲ.

ನೋಡಿದರೆ ಒಂದರ ಮೇಲೊಂದು ಮೆಸೇಜು, ನಿರ್ಮಲಾಳದು. ಗದಿಗೆಪ್ಪ ಕಾಕಾನ ಸೊಸೆ. ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಮಾಡುವುದನ್ನು ವಿಡಿಯೋ ಮಾಡಿ ಹಾಕುತ್ತಾಳೆ, ನೋಡುವವರೂ ಇದ್ದಾರೆ. "ಅಕ್ಕಾರ, ಮಾವಾರ ವಿಡಿಯೋಕ್ಕ ಮಂದಿ ಏನೇನೋ ಬರ್ಯಾಕತ್ತಾರ. ಒಂದ್ ಸಲ ನೋಡ್ರಿ" ಎಂದು ಬರೆದಿದ್ದಳು. ಕೆಳಗೆ ವಿಡಿಯೋ ಇತ್ತು.

ಒತ್ತಿದೆ. ಮೀಸೆಯಲ್ಲಿ ಹಿಟ್ಟು ಮೆತ್ತಿಕೊಂಡ ಕಾಕಾ ತನ್ನ ಗಿರಣಿಯಲ್ಲಿ ನಿಂತು ಗುಡುಗುತ್ತಿದ್ದ. ಕುತ್ತಿಗೆಯ ನರ ಉಬ್ಬಿದ್ದವು. "ಮೊದಲ್ನೇ ಭಾಗದಾಗ ಸತ್ತಾಂವ ಮೂರನೇದರಾಗ ಎದ್ದು ಬಂದಾನ. ನಾಕನೇದರಾಗ ಅವನ ತಮ್ಮ ಬರ್ತಾನಂತ. ಇವರ ಮನ್ಯಾಗ ಸಾವು ಅಂಬೋದ ಇಲ್ಲೇನು? ಹಿಂಗಾದ್ರ ಸತ್ತಾವರ ಊಟ ಯಾವಾಗ ಹಾಕಸ್ತಾರ ಇವ್ರು?"

ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಮೈಸೂರಿನ ಕಡೆಯ ಮೇಡಂ ತಲೆಯೆತ್ತಿ, "ಯಾರ್ರೀ ಅದು, ಈ ಪಾಟಿ ಜಗಳ ಆಡ್ತಿರೋದು?" ಎಂದರು.

"ನಮ್ಮ ಕಾಕಾ" ಎಂದೆ.

"ಓ" ಎಂದು ಅವರು ಮತ್ತೆ ತಲೆ ತಗ್ಗಿಸಿದರು. ನನಗೂ ಒಂದು ಕ್ಷಣ, ಕಾಕಾ ಯಾಕೆ ಇಷ್ಟು ಸಿಟ್ಟಾಗಿದ್ದಾನೆ ಅನ್ನಿಸಿತು. ಆ ವಿಡಿಯೋದಲ್ಲಿ ಏನೋ ಕಡಿಮೆ ಇತ್ತು. ಏನೆಂದು ಹೊಳೆಯಲಿಲ್ಲ.

ಸಿನಿಮಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಅಭಿಮಾನಿಗಳ ಬೈಕುಗಳು ಇನ್ನೊಮ್ಮೆ ಬರುವುದು ಬೇಡ. ಕೊರಳಲ್ಲಿ ಕೆಂಪು ಶಾಲು ಗಂಟು ಹಾಕಿಕೊಂಡು, ಎರಡೂ ತುದಿಯನ್ನು ಗಾಳಿಗೆ ಬಿಟ್ಟು, ಒಬ್ಬನೇ ನೂರು ಮಂದಿಯನ್ನು ಬಡಿಯುವ ನಾಯಕ ಎಂದರೆ ಸಾಕು. ಮೊದಲನೇ ಭಾಗ ನನಗೂ ಸೇರಿತ್ತು. ಎರಡನೇದನ್ನು ಮೊದಲನೇದರ ಋಣಕ್ಕೆ ನೋಡಿದೆ. ಮೂರನೇದು ಬರುವ ಹೊತ್ತಿಗೆ ಅದರ ಖಳನಾಯಕ ಬೇರೆ ಸಿನಿಮಾದಿಂದ ಬಂದವನು, ಅವನ ಸಿಟ್ಟು ತಿಳಿಯಬೇಕಾದರೆ ಆ ಸಿನಿಮಾ ನೋಡಿರಬೇಕು, ಆ ಸಿನಿಮಾ ತಿಳಿಯಬೇಕಾದರೆ ಫೋನಿನಲ್ಲಿ ಬಂದ ಎಂಟು ಕಂತು ನೋಡಿರಬೇಕು ಎಂದು ನನ್ನ ಒಂಬತ್ತನೇ ಇಯತ್ತೆಯ ಹುಡುಗರು ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸಿದರು. ಪಚನಾಂಗಗಳ ಚಿತ್ರವನ್ನು ಅವರು ಇಷ್ಟು ಚೊಕ್ಕ ಬರೆದದ್ದನ್ನು ನಾನು ಕಂಡಿಲ್ಲ.

ಆ ಮೂರನೇ ಭಾಗಕ್ಕೆ ನಾವೆಲ್ಲ ಹುಬ್ಬಳ್ಳಿಗೆ ಹೋಗಿದ್ದೆವು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಸಿನಿಮಾ ಶುರುವಾಯಿತು, ಕಟ್ಟಡಗಳು ಉರುಳಿದವು, ಕುರ್ಚಿ ಅಲುಗಿತು, ನನ್ನ ಎದೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದ ಹಾಗಾಯಿತು. ಬಾಜು ನೋಡಿದರೆ ಕಾಕಾ ಸುಖವಾಗಿ ಗೊರಕೆ ಹೊಡೆಯುತ್ತಿದ್ದ. ಮೂವತ್ತೈದು ವರ್ಷ ಗಿರಣಿಯ ಸದ್ದಿನಲ್ಲೇ ಮಧ್ಯಾಹ್ನದ ನಿದ್ದೆ ಮಾಡಿದವನಿಗೆ ಅದು ಜೋಗುಳ. ಕೊನೆಗೆ ನಾಯಕನ ತಾಯಿ ಸಾಯುವ ದೃಶ್ಯ ಬಂತು. ಸಂಗೀತ ನಿಂತು ಥಿಯೇಟರೆಲ್ಲ ನಿಶ್ಶಬ್ದವಾಯಿತು. ಕಾಕಾ ದಡಕ್ಕನೆ ಎದ್ದು, "ಕರೆಂಟ್ ಹೋತೇನ್ಲೇ?" ಎಂದು ಕೂಗಿದ. ಅಳುತ್ತಿದ್ದ ಜನ ಹೊರಳಿ ನೋಡಿದರು.

ನಾವು ಸಣ್ಣವರಿದ್ದಾಗ ಕಥೆಗಳು ಮುಗಿಯುತ್ತಿದ್ದವು. ಇದನ್ನು ಹಳೆಯದೆಲ್ಲ ಚಂದ ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಅವು ಮುಗಿಯಲೇಬೇಕಿತ್ತು, ಯಾಕೆಂದರೆ ಹಿಟ್ಟು ಮುಗಿಯುತ್ತಿತ್ತು. ನಮ್ಮವ್ವ ಕುಂದಗೋಳದ ಟೆಂಟಿನಲ್ಲಿ ನೋಡಿದ ಸಿನಿಮಾಗಳನ್ನೆಲ್ಲ ಗಿರಣಿಯ ಕಟ್ಟೆಯ ಮೇಲೆ ಸರತಿಗೆ ಕೂತ ಹೆಂಗಸರಿಗೆ ಹೇಳುತ್ತಿದ್ದಳು. ಡಬ್ಬಿಯ ಜೋಳ ಬೀಸಿ ಮುಗಿಯುವುದರೊಳಗೆ ಕಥೆ ದಡ ಮುಟ್ಟಬೇಕು. ಜೋಳ ಕಡಿಮೆ ಇದ್ದರೆ ನಾಯಕ ಬೇಗ ಮದುವೆಯಾಗುತ್ತಿದ್ದ. ಹಬ್ಬದ ಮುಂದೆ ದೊಡ್ಡ ಡಬ್ಬಿ ಬಂದರೆ ಪಾಪ, ಅವನಿಗೆ ಒಂದು ಜೈಲುವಾಸ ಹೆಚ್ಚಾಗುತ್ತಿತ್ತು. ಎಷ್ಟೋ ಸಿನಿಮಾಗಳನ್ನು ಅವ್ವ ನೋಡಿಯೇ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಪೋಸ್ಟರ್ ನೋಡಿ ಬಂದು ಹೇಳುತ್ತಿದ್ದಳು. ಅವುಗಳಲ್ಲಿ ಒಂದನ್ನು ಮುಂದೆ ಟೀವಿಯಲ್ಲಿ ನೋಡಿ ನನಗೆ ಬಹಳ ನಿರಾಸೆಯಾಯಿತು. ಅವ್ವನದೇ ಚೆನ್ನಾಗಿತ್ತು.

ಊರಿನ ವಿಷಯ ಹೇಳಲಿಲ್ಲ. ಕುಂದಗೋಳದಿಂದ ಯರಗುಪ್ಪಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ನನ್ನನ್ನು ಕೊಟ್ಟದ್ದೂ ಅದೇ ಊರಿಗೆ. ತವರಿಗೂ ಗಂಡನ ಮನೆಗೂ ನಡುವೆ ಎರಡು ಓಣಿ, ಒಂದು ಬೇವಿನ ಗಿಡ ಮತ್ತು ಕಾಕಾನ ಹಿಟ್ಟಿನ ಗಿರಣಿ. ಗಂಡನ ಮೇಲೆ ಮುನಿಸಿಕೊಂಡು ಹೊರಟರೆ ಗಿರಣಿ ದಾಟುವಷ್ಟರಲ್ಲಿ ಕಾಕಾ ವಿಷಯ ತಿಳಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ಸಮಾಧಾನ ಹೇಳುತ್ತಿದ್ದ. ಮೂರ್ನಾಲ್ಕು ಸಲ ಹಾಗಾದ ಮೇಲೆ ನಾನು ಮುನಿಸಿಕೊಳ್ಳುವುದನ್ನೇ ಬಿಟ್ಟೆ.

ಬುಧವಾರ, ಗುರುವಾರ ವಿಡಿಯೋದ ಕೆಳಗಿನ ಮಾತುಗಳು ಬೆಳೆದವು. ಮೊದಲು ಬೈಗುಳ. ಆಮೇಲೆ, ಈ ಮುದುಕ ಯಾವ ಊರಿನವನು ಎಂಬ ಪ್ರಶ್ನೆ. ಆಮೇಲೆ ಉತ್ತರ. ಆಮೇಲೆ "ಆ ಗಿರಣಿಗೆ ಬೆಂಕಿ ಹಚ್ಚಬೇಕು." ನಿರ್ಮಲಾ ಹೆದರಿ ವಿಡಿಯೋ ತೆಗೆದುಹಾಕಿದಳು. ಅಷ್ಟರಲ್ಲಿ ಬೇರೆಯವರು ಅದನ್ನು ಎತ್ತಿಕೊಂಡು ತಮ್ಮ ತಮ್ಮಲ್ಲಿ ಹಾಕಿಕೊಂಡಿದ್ದರು.

ಕಾಕಾನಿಗೆ ಇದಾವುದೂ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ, "ಏನ್ ಬರದಾರಬೇ ಮಂದಿ?" ಎಂದು ಕೇಳುತ್ತಿದ್ದ.

"ಆರಾಮ ಅದೀರೇನ್ರಿ ಅಂತ ಕೇಳ್ಯಾರ್ರಿ ಮಾವಾರ" ಎನ್ನುತ್ತಿದ್ದಳು ನಿರ್ಮಲಾ.

"ಎಷ್ಟ್ ಮಂದಿ?"

"ಭಾಳ ಮಂದಿರಿ."

"ಅದೀನಿ ಅಂತ ಬರಿ. ಎಲ್ಲಾರ್ಗೂ ಬರಿ ಮತ್ತ, ಒಬ್ಬರಿಗೆ ಬರದು ಒಬ್ಬರಿಗೆ ಬಿಟ್ರ ಸಿಟ್ಟಾಗ್ತಾರ."

ನಾನು ಮಾತ್ರ ಎಲ್ಲವನ್ನೂ ಓದಿದೆ. ಹೆದರಿಕೆಗಿಂತ ಹೆಚ್ಚಾಗಿ ಕುತೂಹಲ. ತನ್ನನ್ನು ಕಂಡರಿಯದ ಒಬ್ಬ ನಾಯಕನಿಗಾಗಿ, ತಾನು ಕಂಡರಿಯದ ಒಬ್ಬ ಗಿರಣಿಯವನ ಮೇಲೆ ಒಬ್ಬ ಮನುಷ್ಯನಿಗೆ ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೆ? ಬೆಂಕಿ ಹಚ್ಚಬೇಕು ಎಂದವನ ಹೆಸರನ್ನು ಒತ್ತಿ ಅವನ ಪುಟಕ್ಕೆ ಹೋದೆ. ರಾಕ್ಷಸನ ಗುಹೆಗೆ ಹೊಕ್ಕ ಹಾಗಿತ್ತು. ಅಲ್ಲಿ ಒಂದು ಕರುವಿನ ಫೋಟೋ ಇತ್ತು. ಕೊರಳಲ್ಲಿ ಗೆಜ್ಜೆ. ಕೆಳಗೆ, "ಇವತ್ತು ನಮ್ಮ ಗೌರಿ ಮೊದಲ ಸಲ ಹುಲ್ಲು ತಿಂದಳು." ನಾನು ಬಹಳ ಹೊತ್ತು ಆ ಕರುವನ್ನು ನೋಡುತ್ತ ಕೂತೆ. ರಾಕ್ಷಸ ಸಿಕ್ಕಿದ್ದರೆ ಸುಲಭವಿತ್ತು.

ಭಾನುವಾರ ಮುಂಜಾನೆ ನಾನು ಜೋಳದ ಡಬ್ಬಿ ತೆಗೆದುಕೊಂಡು ಗಿರಣಿಗೆ ಹೋದೆ. ಅಲ್ಲಿಯ ಒಂದು ರೂಢಿಯನ್ನು ಹೇಳಬೇಕು. ಗಿರಣಿಯ ಬಾಗಿಲಿನ ಪಕ್ಕ ಗೋಡೆಗೆ ಗೂಟ ಬಡಿದಿದೆ. ಒಳಗೆ ಬರುವ ಗಂಡಸರು ಹೆಗಲ ಮೇಲಿನ ವಲ್ಲಿಯನ್ನು ಆ ಗೂಟಕ್ಕೆ ಹಾಕಿಯೇ ಬರಬೇಕು. ಹೆಂಗಸರು ಸೆರಗು ಸಿಗಿಸಿಕೊಳ್ಳಬೇಕು. ಮೋಟರಿನಿಂದ ಬೀಸುವ ಕಲ್ಲಿಗೆ ಓಡುವ ಪಟ್ಟಾ ಬಾಗಿಲಿಂದ ನಾಲ್ಕು ಹೆಜ್ಜೆಯಲ್ಲೇ ಇದೆ, ಅದಕ್ಕೆ ಅಡ್ಡ ಮೊಣಕಾಲೆತ್ತರದ ಬಿದಿರಿನ ತಟ್ಟಿ ಬಿಟ್ಟರೆ ಏನೂ ಇಲ್ಲ. ಊರ ಗೌಡರೂ ವಲ್ಲಿ ತೆಗೆದೇ ಬರುತ್ತಾರೆ. ಹೊಸ ಅಳಿಯಂದಿರಿಗೆ ಹೇಳಿಕೊಟ್ಟಿರುತ್ತಾರೆ.

ನಾನು ಒಳಗೆ ಕಟ್ಟೆಯ ಮೇಲೆ ಕೂತಿದ್ದೆ. ನಿರ್ಮಲಾ ಸ್ವಿಚ್ಚಿನ ಹತ್ತಿರ ಹಿಟ್ಟು ಜಾಡಿಸುತ್ತಿದ್ದಳು. ಐದಾರು ಬೈಕುಗಳು ಬಂದು ನಿಂತದ್ದು ನಮಗೆ ಕೇಳಿಸಲಿಲ್ಲ, ಬಾಗಿಲಲ್ಲಿ ಬೆಳಕು ಕಡಿಮೆಯಾದಾಗ ತಿಳಿಯಿತು. ಇಪ್ಪತ್ತು ಇಪ್ಪತ್ತೆರಡರ ತರುಣರು. ಕೆಲವರ ಕೈಯಲ್ಲಿ ಆಗಲೇ ಫೋನು ಎದ್ದಿತ್ತು. ಮುಂದೆ ನಿಂತವನ ಕೊರಳಲ್ಲಿ ಕೆಂಪು ಶಾಲು. ಸಿನಿಮಾದಲ್ಲಿ ಇದ್ದಂತೆಯೇ ಗಂಟು, ಇದ್ದಂತೆಯೇ ಎರಡು ತುದಿ. ಅವನು ಏನೋ ಕೂಗಿದ. ಗಿರಣಿಯ ಗದ್ದಲದಲ್ಲಿ ಬಾಯಿ ಆಡಿದ್ದು ಕಂಡಿತು, ಅಷ್ಟೆ.

"ಏನಂತೀ? ಬಾಯಾಗ ಕಡಬು ಐತೇನು? ಜೋರ್ ಹೇಳ್ಲೇ" ಎಂದ ಕಾಕಾ. ಅವನು ಎಲ್ಲರಿಗೂ ಹೇಳುವ ಮಾತೇ ಅದು.

ತರುಣನ ಮುಖ ಕೆಂಪಾಯಿತು. ಹೊಸ್ತಿಲು ದಾಟಿದ.

"ವಲ್ಲಿ ತಗಿ" ಎಂದ ಕಾಕಾ, ಗೂಟ ತೋರಿಸಿ.

"ನಮ್ಮ ಬಾಸ್ ಶಾಲ್ ತಗಿ ಅಂತೀಯೇನು?" ಈ ಸಲ ಕೇಳಿಸಿತು. ಹಿಂದಿದ್ದವರು ಹೋ ಎಂದರು.

"ಏ, ವಲ್ಲಿ ತಗೀಲೇ ಮೊದ್ಲ."

"ತಗ್ಯಂಗಿಲ್ಲ. ನೀ ಏನ್ ಮಾಡ್ಕೋತಿ ಮಾಡ್ಕೋ" ಎಂದು ಅವನು ಎದೆ ಸೆಟೆಸಿ ಇನ್ನೊಂದು ಹೆಜ್ಜೆ ಇಟ್ಟ. ಬಾಗಿಲಿಂದ ಗಾಳಿ ಬಂತು. ಶಾಲಿನ ಬಲದ ತುದಿ ಎದ್ದಿತು.

ಅದು ಎದ್ದದ್ದನ್ನು ನಾನು ನೋಡಿದೆ. ತುದಿ ತಟ್ಟಿಯ ಮೇಲೆ ಹಾರಿ, ಪಟ್ಟಾದ ಮೇಲೆ ಕೂತು, ಅದನ್ನು ತಿರುಗಿಸುವ ಗಾಲಿಯ ಕಡೆಗೆ ಹೊರಟಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಜಿಗಿದು ಬಂದ. ಎರಡೂ ಕೈಯ ಬೆರಳುಗಳನ್ನು ಆ ತರುಣನ ಕೊರಳಿಗೂ ಗಂಟಿಗೂ ನಡುವೆ ತೂರಿಸಿ, ಗದ್ದ ಕಿತ್ತುಹೋಗುವ ಹಾಗೆ ಶಾಲನ್ನು ಮೇಲಕ್ಕೆಳೆದು, ತಲೆಯಿಂದ ದಾಟಿಸಿ ಬಿಟ್ಟ. ತರುಣ ಜೋಳದ ಚೀಲದ ಮೇಲೆ ಅಂಗಾತ ಬಿದ್ದ. ಶಾಲು ಗಾಲಿಯೊಳಗೆ ಹೋಗಿ ಪಟಪಟ ಬಡಿಯಿತು. ನಿರ್ಮಲಾ ಸ್ವಿಚ್ಚು ತೆಗೆದಳು. ಮೋಟರು ನರಳಿ ನಿಂತಿತು.

ಗಿರಣಿ ನಿಂತಾಗ ಬರುವ ನಿಶ್ಶಬ್ದ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಕಿವಿಯಿಂದ ಯಾರೋ ಅರಳೆ ಕಿತ್ತ ಹಾಗಿರುತ್ತದೆ. ಜಂತಿಯ ಮೇಲೆ ಪಾರಿವಾಳ ಕಾಲು ಬದಲಿಸಿದ್ದು ಕೇಳಿಸುತ್ತಿತ್ತು. ಆ ನಿಶ್ಶಬ್ದದಲ್ಲಿ ಕಾಕಾ ಬಿದ್ದವನ ಮೇಲೆ ಬಗ್ಗಿ, ಗಿರಣಿ ಇನ್ನೂ ಓಡುತ್ತಿದೆ ಎಂಬಂತೆ ಗರ್ಜಿಸಿದ: "ಕುತಿಗಿ ನೂಸಾಕತ್ತೇತೇನ್ ತಮ್ಮಾ? ನೀರ್ ಕುಡೀತಿಯೇನು?"

ಪಾರಿವಾಳಗಳು ಒಟ್ಟಿಗೆ ಹಾರಿದವು. ತರುಣ ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, "ಹೊಡೀಬ್ಯಾಡ್ರಿ ಕಾಕಾ" ಎಂದ.

"ಹೊಡ್ಯಾಕತ್ತಿಲ್ಲಪಾ" ಎಂದಳು ನಿರ್ಮಲಾ. "ನೀರ್ ಬೇಕೇನ್ ಅಂತ ಕೇಳಾಕತ್ತಾರ."

"ಮತ್ತ ಹಂಗ್ಯಾಕ ಬೈತಾರ್ರಿ?"

"ಬೈಯೂದಲ್ಲ ಅದು. ಅವರ ದನಿನ ಅಷ್ಟ. ಜನುಮಾನ ಗಿರಣ್ಯಾಗ ಕಳದಾರ, ಸಣ್ಣಕ ಮಾತಾಡಿದ್ರ ಯಾರಿಗೆ ಕೇಳ್ತೈತಿ ಇಲ್ಲಿ?"

ಬಾಗಿಲಲ್ಲಿ ನಿಂತಿದ್ದ ಒಬ್ಬ ಫೋನು ಇಳಿಸಿ ಕೇಳಿದ. "ವಿಡಿಯೋದಾಗ ಗಿರಣಿ ಸಪ್ಪಳ ಇರ್ಲೇ ಇಲ್ಲಲ್ರಿ?"

ನಿರ್ಮಲಾ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಅದನ್ನ ನಾ ತಗದಿದ್ನಿ" ಎಂದಳು.

ಅವಳ ಅಡಿಗೆಮನೆ ಗಿರಣಿಯ ಹಿಂಗೋಡೆಗೇ ಇದೆ. ರೊಟ್ಟಿ ಬಡಿಯುವ ವಿಡಿಯೋದಲ್ಲೂ ಗಿರಣಿಯೇ ಕೇಳಿಸುತ್ತದೆಂದು, ಹಿಂದಿನ ಸದ್ದನ್ನೆಲ್ಲ ಅಳಿಸಿ ಮಾತನ್ನಷ್ಟೇ ಉಳಿಸುವ ಗುಂಡಿಯೊಂದನ್ನು ಅವಳು ಪ್ರತಿಸಲ ಒತ್ತುತ್ತಿದ್ದಳು. ಕಾಕಾನ ವಿಡಿಯೋಕ್ಕೂ ರೂಢಿಯಂತೆ ಒತ್ತಿದ್ದಳು. ಗಿರಣಿ ಹೋಯಿತು, ಗಿರಣಿಯನ್ನು ಮೀರಿಸಲು ಎತ್ತಿದ ದನಿ ಉಳಿಯಿತು. ಮಂಗಳವಾರ ನನಗೆ ಕಡಿಮೆ ಅನ್ನಿಸಿದ್ದು ಇದೇ. ಹುಟ್ಟಿದಾಗಿನಿಂದ ಆ ದನಿಯನ್ನು ಗದ್ದಲದ ಜತೆಗೇ ಕೇಳಿದ ನಮಗೆ ಅದು ದೊಡ್ಡದೆಂಬುದೇ ಗೊತ್ತಿರಲಿಲ್ಲ.

ಶಾಲಿನ ತರುಣನ ಹೆಸರು ಮಂಜು. ಕಾಕಾ ಕೊಟ್ಟ ನೀರನ್ನು ಗಟಗಟ ಕುಡಿದ. ಕೊರಳ ಸುತ್ತ ಕೆಂಪು ಬರೆ ಎದ್ದಿತ್ತು. ಅಷ್ಟರಲ್ಲಿ ಅವನ ಗೆಳೆಯ ಫೋನು ನೋಡುತ್ತ, "ಲೇ ಮಂಜ್ಯಾ, ಅಗದಿ ಮಸ್ತ್ ಬಂದೈತಿ ಇದು" ಎಂದ. ಎಲ್ಲರೂ ಬಗ್ಗಿದರು, ನಾನೂ ಬಗ್ಗಿದೆ. ಬಾಗಿಲ ಕಡೆಯಿಂದ ತೆಗೆದದ್ದು. ಪಟ್ಟಾ ಇಲ್ಲ, ಗಾಲಿ ಇಲ್ಲ. ಒಬ್ಬ ಗಿರಣಿಯವನು ಒಬ್ಬ ಹುಡುಗನ ಕುತ್ತಿಗೆ ಹಿಸುಕಿ ಕೆಡವುತ್ತಿದ್ದಾನೆ, ಅಷ್ಟೇ ಕಾಣುತ್ತಿತ್ತು.

"ಅಳಸಲೇ" ಎಂದ ಮಂಜು.

"ಯಾಕ? ಎಷ್ಟ್ ಮಂದಿ ನೋಡ್ತಾರ ಗೊತ್ತೈತೇನು?"

"ಅಳಸಂದ್ರ ಅಳಸು."

ಗೆಳೆಯ ಏನೋ ಒತ್ತಿದ. ಅಳಿಸಿದನೋ, ಅಷ್ಟರಲ್ಲೇ ಯಾರಿಗಾದರೂ ಕಳಿಸಿದ್ದನೋ, ಬೇರೆ ಫೋನುಗಳಲ್ಲಿ ಏನಿತ್ತೋ ಗೊತ್ತಿಲ್ಲ. ಹೊರಡುವಾಗ ಮಂಜು ಗಾಲಿಗೆ ಸುತ್ತಿಕೊಂಡ ಕೆಂಪು ಚಿಂದಿಯನ್ನು ಒಮ್ಮೆ ನೋಡಿದ. ಕೈ ಮುಗಿದನೋ ಕೊರಳು ಮುಟ್ಟಿಕೊಂಡನೋ, ಅದು ನನಗೆ ತಿಳಿಯಲಿಲ್ಲ.

ಅವರು ಹೋದ ಮೇಲೆ ಕಾಕಾ ಕಟ್ಟೆಯ ಮೇಲೆ ನನ್ನ ಪಕ್ಕ ಕೂತ. ನಿರ್ಮಲಾ ಎಲ್ಲವನ್ನೂ ಹೇಳಿದಳು, ಬೆಂಕಿಯ ಮಾತನ್ನೂ. ಕಾಕಾ ನನ್ನ ಕಡೆ ತಿರುಗಿ, "ಶಕ್ಕೂ, ನಾ ಜೋರ್ ಮಾತಾಡ್ತೇನೇನ್ ಬೇ?" ಎಂದ. ಬೇವಿನ ಗಿಡದ ಕೆಳಗೆ ಮಲಗಿದ್ದ ನಾಯಿ ಎದ್ದು ನೋಡಿತು. ನಾನು ಸುಳ್ಳು ಹೇಳಬೇಕಿತ್ತು. ವಿಜ್ಞಾನದ ಮಾಸ್ತರ್ತಿ, ಅಭ್ಯಾಸಬಲದಿಂದ ಖರೆ ಹೇಳಿದೆ. "ಸ್ವಲ್ಪ ಜೋರ ಕಾಕಾ."

ಅವತ್ತಿನಿಂದ ಕಾಕಾ ಸಣ್ಣಗೆ ಮಾತಾಡತೊಡಗಿದ.

ನನ್ನ ವಿಷಯ ಏನು ಹೇಳಲಿ. ಶಾಲಿನ ತುದಿ ಎದ್ದದ್ದರಿಂದ ಮಂಜು ಚೀಲದ ಮೇಲೆ ಬಿದ್ದವರೆಗೆ ಒಂದು ಉಸಿರಿನಷ್ಟು ಹೊತ್ತು. ಅದು ನನ್ನ ತಲೆಯಲ್ಲಿ ಮುಗಿಯಲೇ ಇಲ್ಲ. ಕಣ್ಣು ಮುಚ್ಚಿದರೆ ಎರಡನೇ ಭಾಗ ಬಿಡುಗಡೆಯಾಗುತ್ತಿತ್ತು: ಅದರಲ್ಲಿ ಕಾಕಾ ಒಂದು ಹೆಜ್ಜೆ ಹಿಂದೆ ಇರುತ್ತಾನೆ. ಮೂರನೇ ಭಾಗದಲ್ಲಿ ಗಂಟು ಬಿಗಿಯಾಗಿರುತ್ತದೆ. ಇನ್ನೊಂದರಲ್ಲಿ ನಿರ್ಮಲಾ ಮನೆಯಲ್ಲಿರುತ್ತಾಳೆ, ಸ್ವಿಚ್ಚಿನ ಹತ್ತಿರ ಯಾರೂ ಇಲ್ಲ. ಬೇಡವೆಂದರೂ ಮುಂದಿನ ಕಂತು ಬರುತ್ತದೆ. ಸಿನಿಮಾದವರನ್ನು ಏನೆಂದು ದೂರಲಿ, ನನ್ನ ತಲೆಯೂ ಅದೇ ದಂಧೆ ಮಾಡುತ್ತಿತ್ತು. ನಡುರಾತ್ರಿ ದಿಗ್ಗನೆ ಎದ್ದು ಫೋನು ತೆಗೆದು, ಆ ಕುತ್ತಿಗೆಯ ವಿಡಿಯೋ ಬಂದಿದೆಯೇ ಎಂದು ಹುಡುಕುತ್ತಿದ್ದೆ. ಬಂದಿರಲಿಲ್ಲ. ಬಂದಿಲ್ಲ ಎಂದರೆ ಬರುವುದಿಲ್ಲ ಎಂದಲ್ಲವಲ್ಲ.

ಹಾಗೆ ಹುಡುಕುವಾಗ ಇನ್ನೊಂದು ಕಂಡಿತು. ಕಾಕಾನನ್ನು ಬೈದ ಅವೇ ಹೆಸರುಗಳು ಈಗ ಬೇರೆ ಕಡೆ ಸೇರಿದ್ದವು. ಯಾರೋ ಒಬ್ಬಾಕೆ ಒಗ್ಗರಣೆ ಅವಲಕ್ಕಿಗೆ ಟೊಮೆಟೊ ಹಾಕಿದ್ದಳಂತೆ. ಅವಳಿಗೆ ನಾಚಿಕೆಯಾಗಬೇಕಂತೆ, ಅವಳ ಮನೆತನಕ್ಕೆ ನಾಚಿಕೆಯಾಗಬೇಕಂತೆ. ನಮ್ಮ ಗಿರಣಿಯನ್ನು ಅವರು ಮರೆತೇಬಿಟ್ಟಿದ್ದರು. ಸಂತೋಷಪಡಬೇಕಿತ್ತು, ವಿಚಿತ್ರವೆಂದರೆ ಸ್ವಲ್ಪ ಅವಮಾನವೂ ಆಯಿತು. ನಮ್ಮ ಜೀವ ಬಾಯಿಗೆ ಬಂದದ್ದು ಅವರಿಗೆ ಅವಲಕ್ಕಿಯಷ್ಟೇ.

ಆ ಸದ್ದು ಅಳಿಸುವ ಗುಂಡಿಯನ್ನು ನಾನೂ ಫೋನಿಗೆ ಹಾಕಿಕೊಂಡೆ. ಪ್ರಯೋಗ ಮಾಡದೆ ನಂಬಬೇಡಿ ಎಂದು ಮಕ್ಕಳಿಗೆ ಹೇಳುವವಳು ನಾನೇ. ಕುಕ್ಕರಿನ ಸೀಟಿಯ ನಡುವೆ ಗಂಡ "ಚಾ ಆತೇನು?" ಎಂದದ್ದನ್ನು ಹಿಡಿದೆ, ಸೀಟಿ ಅಳಿಸಿದ ಮೇಲೆ ಅವರು ವಿಚ್ಛೇದನ ಕೇಳುತ್ತಿರುವ ಹಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಪೇರಲ ಮಾರುವವಳನ್ನು ಹಿಡಿದೆ. ಅವಳು ಜಗತ್ತಿಗೇ ಶಾಪ ಹಾಕುತ್ತಿದ್ದಳು. ಕೊನೆಗೆ ಧೈರ್ಯ ಮಾಡಿ ನನ್ನದೇ ಒಂದು ಪಾಠ ಹಿಡಿದೆ. ಎರಡು ಹಳೆಯ ಫ್ಯಾನು, ಅರವತ್ತು ಮಕ್ಕಳು, ಹೊರಗೆ ಪೀಟಿ ಮಾಸ್ತರರ ಸೀಟಿ, ಎಲ್ಲವನ್ನೂ ಅಳಿಸಿದೆ. ಒಬ್ಬ ಗಯ್ಯಾಳಿ ಹೆಂಗಸು ಉಸಿರು ತೆಗೆದುಕೊಳ್ಳದೆ ಯಾರನ್ನೋ ಬೈಯುತ್ತಿದ್ದಳು. ಗಮನವಿಟ್ಟು ಕೇಳಿದರೆ, ಅದು ಬೆಳಕಿನ ವಕ್ರೀಭವನ.

ಮೈಸೂರಿನ ಕಡೆಯ ಮೇಡಮ್ಮಿಗೆ ಕೇಳಿಸಿದೆ. "ನಿಮ್ಮದು ಯಾವಾಗಲೂ ಹೀಗೇ ಅಲ್ವಾ?" ಎಂದರು ಅವರು, ಬಹಳ ಮೆತ್ತಗೆ. ಈ ಊರಿಗೆ ಬಂದ ಹೊಸತರಲ್ಲಿ ಎಲ್ಲರೂ ತಮ್ಮನ್ನು ಬೈಯುತ್ತಿದ್ದಾರೆಂದು ಅವರು ಒಂದು ತಿಂಗಳು ಅತ್ತಿದ್ದರಂತೆ. ಐದು ವರ್ಷ ಪಕ್ಕದಲ್ಲಿ ಕೂತಿದ್ದರೂ ಇದನ್ನು ನಾನು ಕೇಳಿರಲೇ ಇಲ್ಲ.

ಇತ್ತ ಗಿರಣಿ ಓಡುತ್ತಿತ್ತು, ಗಿರಣಿಯ ಕಟ್ಟೆ ಮಾತ್ರ ಬಣಬಣ ಎನ್ನುತ್ತಿತ್ತು. ಕಾಕಾನ ತುಟಿ ಆಡುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಸಣ್ಣಗೆ ಬೀಸಬೇಕಾದ ಜೋಳ ನುಚ್ಚಾಯಿತು, ನುಚ್ಚಾಗಬೇಕಾದ ಗೋದಿ ಹಿಟ್ಟಾಯಿತು. ಅವನಿಗೆ ಜಡ್ಡು ಬಂದಿದೆಯೆಂದು ಜನ ಕಷಾಯ ತಂದುಕೊಟ್ಟರು. ಸಿನಿಮಾದ ಮಾತಿಲ್ಲ, ರಾಜಕೀಯದ ಮಾತಿಲ್ಲ, ಗಂಡಹೆಂಡಿರ ಜಗಳ ಬಗೆಹರಿಸುವುದಿಲ್ಲ. ಒಂದು ದಿನ ನಿರ್ಮಲಾ ಬಂದು, "ಗಿರಣಿ ಯಾರಿಗರೆ ಕೊಟ್ಟು ಬಿಡೂಣು ಅಂದ್ರು ಅಕ್ಕಾರ. ನನ್ನ ದನಿಯಿಂದ ನಿಮಗೆಲ್ಲ ತ್ರಾಸ ಆಗಬಾರ್ದು ಅಂತಾರ. ನಾ ಆ ಗುಂಡಿ ಒತ್ತಬಾರದಿತ್ತು" ಎಂದು ಕಣ್ಣು ಒರೆಸಿಕೊಂಡಳು. ಕಾಕಾನಿಲ್ಲದ ಗಿರಣಿಯನ್ನು ಊಹಿಸಲು ಹೋದೆ, ಆಗಲಿಲ್ಲ. ಅಷ್ಟೊಂದು ಭಾಗಗಳನ್ನು ತಯಾರಿಸುತ್ತಿದ್ದ ತಲೆ ಈ ಒಂದನ್ನು ಮಾತ್ರ ತೋರಿಸಲಿಲ್ಲ.

ಒಂದು ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬರುತ್ತಿದ್ದೆ. ಗಿರಣಿಯ ಕಟ್ಟೆಯ ಮೇಲೆ ಕಲ್ಲವ್ವ ಕೂತಿದ್ದಳು. ಕಡೇ ಓಣಿಯವಳು, ಎಂಬತ್ತರ ಹತ್ತಿರದ ಮುದುಕಿ. ಮಗಳ ಮನೆ ಕುಬಿಹಾಳದಲ್ಲಿ ತಿಂಗಳೊಪ್ಪತ್ತು ಇದ್ದು ಹಿಂದಿನ ದಿನವಷ್ಟೇ ಬಂದವಳಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ಡಬ್ಬಿಯನ್ನು ತಬ್ಬಿಕೊಂಡು ಅಳುತ್ತಿದ್ದಳು.

"ಯಾಕ ಆಯಿ?" ಎಂದೆ ಅವಳ ಕಿವಿಯ ಹತ್ತಿರ ಬಗ್ಗಿ.

"ಎಲ್ಲಾ ಮುಗೀತ ಶಕ್ಕವ್ವ. ಕಣ್ಣ ಮೊದ್ಲ ಹೋಗಿದ್ವು. ಈಗ ಕಿವೀನೂ ಹೋದ್ವು. ಗದಿಗ್ಯಾ ನನ್ನ ಮುಂದ ನಿಂತ ಮಾತಾಡಾಕತ್ತಾನ, ಒಂದರೆ ಅಕ್ಷರ ಕೇಳವಲ್ದು. ಇಡೀ ಊರಾಗ ಯಾರದು ಕೇಳದಿದ್ರೂ ಅವಂದು ಕೇಳ್ತಿತ್ತು. ಅದ ಕೇಳಲಿಲ್ಲಂದ್ರ ಇನ್ನೇನೈತಿ? ಮಗಳಿಗೆ ಫೋನ್ ಹಚ್ಚಿ ಹೇಳು, ಆಯಿ ಕೆಪ್ಪಿ ಆದ್ಲು ಅಂತ. ನಾ ಯಾರಿಗೂ ಭಾರ ಆಗೂದು ಬ್ಯಾಡ. ಇನ್ನ ಮನೀ ಬಿಟ್ಟು ಹೊರಗ ಬರೂದಿಲ್ಲ ನಾ."

ನಾನು ಕಾಕಾನನ್ನು ನೋಡಿದೆ. ಅವನು ತುಟಿ ಆಡಿಸುತ್ತ, ಕೈಸನ್ನೆ ಮಾಡುತ್ತ, ಇಲ್ಲ ಇಲ್ಲ ಎನ್ನುತ್ತಿದ್ದ. ಕಲ್ಲವ್ವನಿಗೆ ಕೈಸನ್ನೆ ಕಾಣುತ್ತಿರಲಿಲ್ಲ. ಅವಳು ಡಬ್ಬಿ ಎತ್ತಿಕೊಂಡು ಗೋಡೆ ಹಿಡಿದು ಮೇಲೇಳತೊಡಗಿದಳು.

ಕಾಕಾ ಬಾಗಿಲ ಕಡೆ ನೋಡಿದ. ರಸ್ತೆಯ ಕಡೆ ನೋಡಿದ. ನಿರ್ಮಲಾಳ ಕೈಯಲ್ಲಿ ಫೋನು ಇದೆಯೇ ಎಂದು ನೋಡಿದ.

"ಏ ಕಲ್ಲಕ್ಕಾ" ಎಂದ ಸಣ್ಣಗೆ. ಅವಳು ಒಂದು ಹೆಜ್ಜೆ ಇಟ್ಟಿದ್ದಳು.

"ಕಲ್ಲಕ್ಕಾ, ಕುಂದ್ರಬೇ. ನಿನ್ನ ಕಿವಿ ಅಗದಿ ಚಲೋ ಅದಾವು. ನನ್ನ ಗಂಟಲ ಕೆಟ್ಟಿತ್ತು. ಜ್ವಾಳ ಸಣ್ಣಕ ಬೀಸಲೋ ದಪ್ಪ ಬೀಸಲೋ, ಅದನ್ನ ಹೇಳಿ ಅಳು."

ಗಿರಣಿ ಪೂರಾ ವೇಗದಲ್ಲಿ ಓಡುತ್ತಿತ್ತು. ಅದನ್ನು ದಾಟಿ, ಬೇವಿನ ಗಿಡ ದಾಟಿ, ಎರಡೂ ಓಣಿಗೆ ಆ ದನಿ ಹೋಯಿತು. ಮನೆಯಲ್ಲಿದ್ದ ನನ್ನ ಗಂಡನಿಗೂ ಕೇಳಿಸಿತಂತೆ. ಕಲ್ಲವ್ವ ನಿಂತಳು. ತಲೆ ಸ್ವಲ್ಪ ಓರೆ ಮಾಡಿ, ಇನ್ನೊಮ್ಮೆ ಬರಲಿ ಎಂಬಂತೆ ಕಾದಳು.

"ಸಣ್ಣಕ" ಎಂದಳು ಆಮೇಲೆ. "ಹಂಗ್ಯಾಕ ಒದರ್ತೀಯೋ ಮೂಳ, ನಾ ಏನ್ ಕೆಪ್ಪಿ ಏನು?"

ಕಟ್ಟೆಯ ಮೇಲಿದ್ದ ಹೆಂಗಸರು ನಕ್ಕರು. ನಮ್ಮವ್ವನ ಕಾಲದಿಂದಲೂ ಇರುವ ಆ ಕಟ್ಟೆಗೆ ಕಾಕಾ ಮೊಣಕೈ ಊರಿ, ಕುಬಿಹಾಳದಲ್ಲಿ ಮಳಿ ಹೆಂಗೈತಿ, ಅಳಿಯಾ ಕುಡಿಯೂದು ಬಿಟ್ಟಾನೋ ಇಲ್ಲೋ ಎಂದು ಒಂದರ ಮೇಲೊಂದು ಕೇಳತೊಡಗಿದ. ಕಲ್ಲವ್ವ ಎಲ್ಲಕ್ಕೂ ಉತ್ತರ ಕೊಟ್ಟಳು. ಅಳಿಯನ ಗುಟ್ಟು ಊರಿಗೆಲ್ಲ ತಿಳಿಯಿತು.

ಕುತ್ತಿಗೆಯ ಆ ವಿಡಿಯೋ ಯಾವುದಾದರೂ ಫೋನಿನಲ್ಲಿ ಇನ್ನೂ ಇರಬಹುದು. ನಾಳೆಯೇ ಬರಬಹುದು. ಆ ಶನಿವಾರ ರಾತ್ರಿ ಊಟ ಮಾಡಿ ಮಲಗಿದವಳು ಅದನ್ನು ಹುಡುಕಲಿಲ್ಲ. ಹುಡುಕಬಾರದೆಂದು ನಿರ್ಧರಿಸಿದ್ದಲ್ಲ, ಫೋನು ಅಡಿಗೆಮನೆಯಲ್ಲೇ ಉಳಿದಿತ್ತು. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ಭಾನುವಾರ. ನಮ್ಮ ಮನೆಯ ಮುಂದೆಯೇ ತಿರುಗಿಕೊಂಡು ಹೋಗುವ ಮೊದಲನೇ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು, ದಿನಾ ನನ್ನನ್ನು ಎಬ್ಬಿಸುವ ಅದರ ಹಾರ್ನು ಅವತ್ತು ನನಗೆ ಕೇಳಿಸಿರಲಿಲ್ಲ.